ಉಪ್ಪು ನೀರಿನಲ್ಲಿ ಭತ್ತ ಬೆಳೆಯುವ ಊರು



ನಾವು ಆರನೆಯಲ್ಲಿದ್ದಾಗ ಡಿಸೆಂಬರ್ ತಿಂಗಳಲ್ಲಿ ಶಾಲಾ ಪ್ರವಾಸ ಹೋಗಿದ್ದು ನಿಮಗೆಲ್ಲ ನೆನಪಿರಬಹುದು. ವಿರಾಜಪೇಟೆಯಿಂದ ರಾತ್ರಿ ಹೊರಟ ಬಸ್ಸು ಮಡಿಕೇರಿ, ಸಂಪಾಜೆ, ಸುಳ್ಯ, ಮಂಗಳೂರು, ಉಡುಪಿ, ಭಟ್ಕಳ ದಾಟಿ ಮರುದಿನ ಕುಮಟಾ ತಲುಪಿತು. ಮಿರ್ಜಾನ್ ಕೋಟೆ ಮತ್ತು ಗೋಕರ್ಣದ ಬಗ್ಗೆ ಈ ಗೋಡೆ ಪತ್ರಿಕೆಯಲ್ಲಿ ಬೇರೆಯವರು ಆಗಲೇ ಬರೆದಿದ್ದಾರೆ. ಆದ್ದರಿಂದ ನಾನು ಕೋಟೆಯ ಬಗ್ಗೆ ಬರೆಯುವುದಿಲ್ಲ. ನಾನು ಬರೆಯುವುದು ಒಂದು ಗದ್ದೆಯ ಬಗ್ಗೆ.

ನಮ್ಮ ವಿಜ್ಞಾನದ ಸರ್ ಅವರ ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯ ದಡದಲ್ಲಿ ಇದೆ. ಅವರ ಮನೆಯಲ್ಲೇ ನಮಗೆ ಮಧ್ಯಾಹ್ನದ ಊಟ. ಊಟಕ್ಕೆ ಮೊದಲು ಸರ್ "ಬನ್ನಿ, ನಮ್ಮ ಗದ್ದೆ ತೋರಿಸ್ತೇನೆ" ಅಂತ ಕರಕೊಂಡು ಹೋದರು. ಹೋಗಿ ನೋಡಿದರೆ ಗದ್ದೆಯೇ ಇಲ್ಲ! ಕಣ್ಣಿಗೆ ಕಾಣುವಷ್ಟು ದೂರ ಬರೀ ನೀರು. ದೊಡ್ಡ ಕೆರೆಯ ಹಾಗೆ. ಬಿಳಿ ಕೊಕ್ಕರೆಗಳು ಸಾಲಾಗಿ ನಿಂತಿದ್ದವು.

"ಗದ್ದೆ ಎಲ್ಲಿ ಸಾರ್?" ಅಂತ ಕೇಳಿದೆವು.

"ಇದೇ ಗದ್ದೆ. ಒಂದೂವರೆ ತಿಂಗಳ ಹಿಂದೆ ಇಲ್ಲೇ ಭತ್ತ ಕೊಯ್ದಿದ್ದು" ಅಂದ್ರು.

ನಮಗೆ ನಂಬಿಕೆ ಬರಲಿಲ್ಲ. ನಮ್ಮ ತರಗತಿಯ ಒಬ್ಬ ಹುಡುಗ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು "ಸಾರ್, ಉಪ್ಪು!" ಅಂತ ಉಗುಳಿದ. ಎಲ್ಲರೂ ನಕ್ಕರು. ಆದರೆ ನನಗೆ ಒಂದು ಯೋಚನೆ ಶುರುವಾಯಿತು. ಒಂದು ಹಿಡಿ ಉಪ್ಪು ಬಿದ್ದರೆ ಗಿಡ ಸಾಯುತ್ತದೆ. ಇಷ್ಟು ಉಪ್ಪು ನೀರು ನಿಲ್ಲುವ ಜಾಗದಲ್ಲಿ ಭತ್ತ ಹೇಗೆ ಬೆಳೀತಾರೆ? ಸರ್ ಅವತ್ತು ಹೇಳಿದ್ದನ್ನು, ಆಮೇಲೆ ಪಾಠದ ನಡುವೆ ಹೇಳಿದ್ದನ್ನು ಸೇರಿಸಿ ಈ ಲೇಖನ ಬರೆದಿದ್ದೇನೆ.

ಭರತ ಇಳಿತ

ಮೊದಲು ಸಮುದ್ರದ ಒಂದು ಗುಣ ತಿಳಿಯಬೇಕು. ನಮ್ಮ ಕೊಡಗಿನಲ್ಲಿ ಹೊಳೆ ಒಂದೇ ಕಡೆಗೆ ಹರಿಯುತ್ತದೆ, ಮೇಲಿನಿಂದ ಕೆಳಗೆ. ಸಮುದ್ರದ ಹತ್ತಿರ ಹಾಗಲ್ಲ. ಅಲ್ಲಿ ಹೊಳೆ ಹಿಂದಕ್ಕೂ ಹರಿಯುತ್ತದೆ! ಚಂದ್ರನ ಸೆಳೆತದಿಂದ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಭರತ ಅಥವಾ ಉಬ್ಬರ ಎನ್ನುತ್ತಾರೆ. ಏರಿದ ನೀರು ಇಳಿಯಲು ಸುಮಾರು ಆರು ಗಂಟೆ ಬೇಕು. ಭರತ ಬರುವ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ನೀರು ಎಲ್ಲಕ್ಕಿಂತ ಜಾಸ್ತಿ ಏರುತ್ತದೆ. ನಾವು ಇಲ್ಲಿ ಹುತ್ತರಿ ಹುಣ್ಣಿಮೆ ಮಾಡುವ ರಾತ್ರಿ ಅಲ್ಲಿ ಸಮುದ್ರ ಉಬ್ಬಿರುತ್ತದೆ.

ಅಘನಾಶಿನಿ ನದಿ ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಸುಮಾರು 120 ಕಿ.ಮೀ. ಹರಿದು, ತದಡಿಯ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ಸೇರುವ ಮೊದಲು ತುಂಬಾ ಅಗಲವಾಗುತ್ತದೆ. ಇಂಥ ಜಾಗಕ್ಕೆ ಅಳಿವೆ ಎಂದು ಹೆಸರು. ಭರತದ ಹೊತ್ತಿಗೆ ಸಮುದ್ರದ ನೀರು ಈ ಅಳಿವೆಯೊಳಗೆ ನುಗ್ಗಿ ದಡದ ತಗ್ಗು ನೆಲಕ್ಕೆಲ್ಲ ಹರಡುತ್ತದೆ. ಆ ತಗ್ಗು ನೆಲಕ್ಕೆ ಅಲ್ಲಿಯ ಜನ ಗಜನಿ ಎನ್ನುತ್ತಾರೆ.

ಗಜನಿಯ ಒಂದು ವರ್ಷ

ಗಜನಿಯ ಸುತ್ತ ಮಣ್ಣಿನ ಒಡ್ಡು ಕಟ್ಟಿರುತ್ತಾರೆ. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು ಇರುತ್ತದೆ. ಹಲಗೆ ಎತ್ತಿದರೆ ನೀರು ಹೋಗಿ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ನೋಡಲು ನಮ್ಮ ಕೆರೆಯ ತೂಬಿನ ಹಾಗೆ ಸಾಮಾನ್ಯವಾಗಿದೆ. ಆದರೆ ಎಲ್ಲ ಲೆಕ್ಕ ಇರುವುದು ಈ ಬಾಗಿಲಲ್ಲೇ.

ಜೂನಿನಲ್ಲಿ ಮಳೆ ಹಿಡಿಯುತ್ತದೆ. ಮಳೆಯ ಸಿಹಿ ನೀರು ಗಜನಿಯ ಉಪ್ಪನ್ನು ಕರಗಿಸುತ್ತದೆ. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಆ ನೀರನ್ನು ಹೊರಗೆ ಬಿಡುತ್ತಾರೆ. ಭರತ ಬರುವಷ್ಟರಲ್ಲಿ ಮುಚ್ಚುತ್ತಾರೆ. ಹೀಗೆ ತೊಳೆದು ತೊಳೆದು ಮಣ್ಣಿನ ಉಪ್ಪು ಕಡಿಮೆಯಾಗುತ್ತದೆ. ಆಗ ಮೊಳಕೆ ಬರಿಸಿದ ಭತ್ತದ ಬೀಜವನ್ನು ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ. ಯಾಕೆ ಅಂತ ಮುಂದೆ ಹೇಳ್ತೇನೆ.

ಆ ಭತ್ತದ ಹೆಸರು ಕಗ್ಗ. ಎಲ್ಲ ಭತ್ತವೂ ಅಲ್ಲಿ ಬದುಕುವುದಿಲ್ಲ. ಎಷ್ಟು ತೊಳೆದರೂ ಸ್ವಲ್ಪ ಉಪ್ಪು ಉಳಿದೇ ಇರುತ್ತದೆ. ನೆರೆ ಬಂದರೆ ಕೆಲವು ದಿನ ಪೈರು ಪೂರ್ತಿ ಮುಳುಗುತ್ತದೆ. ಕಗ್ಗ ಎರಡನ್ನೂ ತಡೆಯುತ್ತದೆ. ಇದು ತುಂಬಾ ಎತ್ತರ ಬೆಳೆಯುವ ಪೈರು. ನಮ್ಮ ಪಿ.ಟಿ. ಸರ್ ಅಲ್ಲಿ ನಿಂತರೆ ಎದೆಯವರೆಗೆ ಮುಚ್ಚಿ ಹೋಗಬಹುದು!

ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಸಮುದ್ರದ ನೀರನ್ನು ಒಳಗೆ ಬಿಡುತ್ತಾರೆ. ನಾವು ನೋಡಿದ್ದು ಆ ನೀರನ್ನೇ. ಆ ನೀರಿನ ಜೊತೆ ಮೀನಿನ ಮರಿ, ಏಡಿ, ಸಿಗಡಿ ಮರಿ ಎಲ್ಲ ತಾವಾಗಿಯೇ ಒಳಗೆ ಬರುತ್ತವೆ. ಸಿಗಡಿಗೆ ಅಲ್ಲಿ ಶೆಟ್ಲಿ ಅಂತಾರೆ. ಭತ್ತದ ಕೂಳೆ ಅಂದರೆ ಬುಡದ ಹುಲ್ಲು ನೀರಲ್ಲಿ ಕೊಳೆಯುತ್ತದೆ. ಅದರಿಂದ ಹುಟ್ಟುವ ಸಣ್ಣ ಸಣ್ಣ ಜೀವಿಗಳನ್ನು ತಿಂದು ಮೀನು, ಶೆಟ್ಲಿ ದೊಡ್ಡದಾಗುತ್ತವೆ. ಅವುಗಳನ್ನು ಹಿಡಿಯಲು ಹಕ್ಕಿ ಬರುತ್ತದೆ. ಹಕ್ಕಿಯ ಹಿಕ್ಕೆ, ಮೀನಿನ ಹೊಲಸು, ಕೊಳೆತ ಹುಲ್ಲು ಎಲ್ಲ ಸೇರಿ ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ. ಅದಕ್ಕೇ ಬೇರೆ ಗೊಬ್ಬರ ಬೇಡ. ಆರು ತಿಂಗಳು ಭತ್ತ, ಆರು ತಿಂಗಳು ಮೀನು. ಒಂದೇ ಗದ್ದೆ.

ಅವತ್ತು ಸಂಜೆ ಇಳಿತದ ಹೊತ್ತಿಗೆ ಇಬ್ಬರು ಬಾಗಿಲ ಬಾಯಿಗೆ ಚೀಲದಂಥ ಬಲೆ ಕಟ್ಟಿ ಹಲಗೆ ಎತ್ತಿದರು. ನೀರು ಭೋರ್ ಅಂತ ಹೊರಗೆ ಓಡಿತು. ಬಲೆ ತುಂಬಾ ಶೆಟ್ಲಿ ಪಟಪಟ ಹಾರುತ್ತಿದ್ದವು. ನಮ್ಮೂರಿಗೆ ಮೀನು ಮಾಕುಟ್ಟದ ದಾರಿಯಲ್ಲಿ ಕೇರಳದಿಂದ ಐಸಿನೊಳಗೆ ಬರುತ್ತದೆ. ಹಾರುವ ಮೀನನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಸರ್ ಅವರ ಅಮ್ಮ ಕಗ್ಗದ ಅಕ್ಕಿಯ ಗಂಜಿ ಮಾಡಿದ್ದರು. ಕೆಂಪು ಬಣ್ಣ. ಜೊತೆಗೆ ಒಣ ಶೆಟ್ಲಿ ಚಟ್ನಿ. ಮೀನು ತಿನ್ನದವರಿಗೆ ಮಾವಿನಮಿಡಿ ಉಪ್ಪಿನಕಾಯಿ. ನಾನು ಎರಡೂ ತಿಂದೆ.

ಬೇರು ನೀರು ಕುಡಿಯುವುದು ಹೇಗೆ?

ಉಪ್ಪಿನಿಂದ ಗಿಡ ಯಾಕೆ ಸಾಯುತ್ತದೆ? ಮಳೆಗಾಲದಲ್ಲಿ ಜಿಗಣೆ ಹಿಡಿದರೆ ನಾವು ಉಪ್ಪು ಹಾಕ್ತೇವಲ್ಲ, ಜಿಗಣೆ ನೀರು ಬಿಟ್ಟು ಮುದುಡಿ ಬೀಳುತ್ತದೆ. ಉಪ್ಪು ಅದರ ಮೈಯ ನೀರನ್ನು ಹೊರಗೆ ಎಳೆದುಕೊಂಡಿತು ಅಂತ ಅರ್ಥ. ಬೇರಿಗೂ ಹಾಗೆಯೇ. ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಬೇರಿಗೆ ಆ ನೀರನ್ನು ಒಳಗೆ ಎಳೆಯಲು ಆಗುವುದಿಲ್ಲ. ಸುತ್ತ ನೀರಿದ್ದರೂ ಗಿಡಕ್ಕೆ ಬಾಯಾರಿಕೆ.

ಈ ಜೂನಿನಲ್ಲಿ ಸರ್ ನಮಗೆ ಒಂದು ಹಿಡಿ ಕಗ್ಗದ ಬೀಜ ತಂದುಕೊಟ್ಟರು. ನಾವು ಐದು ಜನ ಸೇರಿ ಒಂದು ಪ್ರಯೋಗ ಮಾಡಿದೆವು. ಎರಡು ಹಳೆಯ ಬಕೆಟಿಗೆ ಗದ್ದೆಯ ಮಣ್ಣು ತುಂಬಿ ಒಂದರಲ್ಲಿ ನಮ್ಮೂರಿನ ಭತ್ತ, ಇನ್ನೊಂದರಲ್ಲಿ ಕಗ್ಗ ಬಿತ್ತಿದೆವು. ಸಸಿ ಒಂದು ಗೇಣು ಬಂದ ಮೇಲೆ ಎರಡಕ್ಕೂ ಉಪ್ಪು ನೀರು ಹಾಕಲು ಶುರು ಮಾಡಿದೆವು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಾವು ಒಂದು ಲೀಟರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಮಾತ್ರ ಹಾಕಿದೆವು. ಸಮುದ್ರದ ಏಳನೇ ಒಂದು ಪಾಲು.

ಆರನೇ ದಿನಕ್ಕೆ ನಮ್ಮೂರಿನ ಭತ್ತದ ಎಲೆಯ ತುದಿ ಬೆಳ್ಳಗಾಗಿ ಸುರುಳಿ ಸುತ್ತಿತು. ಹತ್ತನೇ ದಿನಕ್ಕೆ ಅರ್ಧಕ್ಕರ್ಧ ಒಣಗಿತು. ಕಗ್ಗ ಹಸುರಾಗಿಯೇ ಇತ್ತು. ಆದರೆ ಅದೂ ಮೊದಲಿನಷ್ಟು ಬೇಗ ಬೆಳೆಯಲಿಲ್ಲ. "ಕಗ್ಗಕ್ಕೆ ಉಪ್ಪು ಇಷ್ಟ ಅಂತಲ್ಲ, ತಡ್ಕೊಳ್ತದೆ ಅಷ್ಟೆ" ಅಂದ್ರು ಸರ್. ಬಕೆಟು ಈಗಲೂ ಬಿಸಿಯೂಟದ ಕೋಣೆಯ ಹಿಂದೆ ಉಂಟು. ಬೇಕಾದವರು ಹೋಗಿ ನೋಡಬಹುದು. ದಯವಿಟ್ಟು ಕಿತ್ತು ಹಾಕಬೇಡಿ.

ಮತ್ತೆ ಕಗ್ಗ ಕಡಿಮೆ ಆದದ್ದು ಯಾಕೆ?

ಇಷ್ಟು ಒಳ್ಳೆಯ ಬೆಳೆ ಆದರೆ ಎಲ್ಲರೂ ಬೆಳೆಯಬೇಕಲ್ವಾ? ಆದರೆ ತುಂಬಾ ಗಜನಿಗಳಲ್ಲಿ ಈಗ ಕಗ್ಗ ಇಲ್ಲ. ಸರ್ ಅವರ ಅಮ್ಮ ಹೇಳಿದ್ದು ಹೀಗೆ.

ಮೊದಲು ಮಣ್ಣಿನ ಒಡ್ಡು ಇತ್ತು. ಪ್ರತಿ ವರ್ಷ ಒಡೆಯುತ್ತಿತ್ತು. ಪ್ರತಿ ವರ್ಷ ಊರವರೆಲ್ಲ ಸೇರಿ ಕಟ್ಟುತ್ತಿದ್ದರು. ಮನೆಗೊಬ್ಬರು ಬರಲೇಬೇಕು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಗಟ್ಟಿ ಒಡ್ಡು ಕಟ್ಟಿಸಿತು. ಅದರಿಂದ ಜನರಿಗೆ ಒಳ್ಳೆಯದೇ ಆಯಿತು, ಕಷ್ಟ ತಪ್ಪಿತು. ಆದರೆ ಸೇರಿ ಕೆಲಸ ಮಾಡುವ ಅಭ್ಯಾಸವೂ ತಪ್ಪಿತು. ಮುಂದೆ ಎಲ್ಲಾದರೂ ಒಡ್ಡು ಒಡೆದರೆ "ಸರ್ಕಾರ ಮಾಡಲಿ" ಅಂತ ಎಲ್ಲರೂ ಕಾಯುವ ಹಾಗಾಯಿತು.

ಆಮೇಲೆ ಶೆಟ್ಲಿಗೆ ಪೇಟೆಯಲ್ಲಿ, ಹೊರದೇಶದಲ್ಲಿ ಬೆಲೆ ಬಂತು. ಭತ್ತಕ್ಕಿಂತ ಶೆಟ್ಲಿಯಲ್ಲಿ ದುಡ್ಡು ಜಾಸ್ತಿ ಅಂತ ಗಜನಿಯನ್ನು ಗುತ್ತಿಗೆಗೆ ಕೊಟ್ಟರು. ಶೆಟ್ಲಿಗೆ ಉಪ್ಪು ನೀರು ಬೇಕು. ಗುತ್ತಿಗೆಯವರು ಮಳೆಗಾಲದಲ್ಲೂ ಬಾಗಿಲು ಮುಚ್ಚಲಿಲ್ಲ. ಮಣ್ಣು ತೊಳೆಯಲಿಲ್ಲ. ಭತ್ತ ಹೋಯಿತು. ಕಾಂಡ್ಲಾ ಕಾಡನ್ನೂ ಕೆಲವು ಕಡೆ ಕಡಿದರು. ಕಾಂಡ್ಲಾ ಎಂದರೆ ಉಪ್ಪು ನೀರಿನಲ್ಲಿ ಬೇರು ಮೇಲೆ ಮಾಡಿಕೊಂಡು ನಿಲ್ಲುವ ಮರ. ಅದು ಒಡ್ಡಿಗೆ ಅಲೆಯ ಪೆಟ್ಟು ಬೀಳದ ಹಾಗೆ ತಡೆಯುತ್ತದೆ. 1990ರ ದಶಕದ ನಡುವಿನಲ್ಲಿ ಭಾರತದ ಸಿಗಡಿ ಕೆರೆಗಳಿಗೆ ಬಿಳಿ ಚುಕ್ಕೆ ರೋಗ ಬಂತು. ತುಂಬಾ ಜನಕ್ಕೆ ನಷ್ಟ ಆಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮುದ್ರ ದಡದ ಸಿಗಡಿ ಕೆರೆಗಳ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಅಷ್ಟರಲ್ಲಿ ಮನೆಗಳಲ್ಲಿ ಕಗ್ಗದ ಬೀಜವೇ ಮುಗಿದಿತ್ತು. ಕೆಸರಿಗೆ ಇಳಿಯುವ ಹುಡುಗರು ಬೆಂಗಳೂರಿಗೆ, ಗೋವಾಕ್ಕೆ ಕೆಲಸಕ್ಕೆ ಹೋದರು. ಆ ಕೆಸರಿನಲ್ಲಿ ಯಂತ್ರ ಇಳಿಯುವುದಿಲ್ಲ.

ಭತ್ತ ಹೋದರೆ ಅಂಗಡಿಯಿಂದ ಅಕ್ಕಿ ತರಬಹುದು. ಆದರೆ ಒಡ್ಡು ಒಡೆದರೆ ಉಪ್ಪು ನೀರು ಗದ್ದೆಯಲ್ಲೇ ನಿಲ್ಲುವುದಿಲ್ಲ. ನೆಲದೊಳಗೆ ಇಳಿದು ಬಾವಿಗೆ ಬರುತ್ತದೆ. ಸರ್ ಅವರ ಮನೆಯ ಬಾವಿಯ ನೀರು ಮೂರು ವರ್ಷದಿಂದ ಫೆಬ್ರವರಿ ಬಂದ ಕೂಡಲೇ ಉಪ್ಪಾಗುತ್ತದಂತೆ. ಅಮ್ಮ ಅರ್ಧ ಮೈಲಿ ದೂರದಿಂದ ಕೊಡದಲ್ಲಿ ಕುಡಿಯುವ ನೀರು ತರುತ್ತಾರೆ. ಅವರಿಗೆ ಅರವತ್ತೆಂಟು ವರ್ಷ. ಮಳೆಗಾಲದಲ್ಲಿ ಮನೆಯ ಎದುರೇ ನೆರೆ, ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. "ಸುತ್ತ ನೀರು ಮಗಾ, ಒಂದು ಲೋಟ ಬಾಯಿಗೆ ಆಗುದಿಲ್ಲ" ಅಂದ್ರು. ಆಗ ನನಗೆ ಉಪ್ಪು ಹಾಕಿದ ಗಿಡದ ಬಾಯಾರಿಕೆ ಗೊತ್ತಿರಲಿಲ್ಲ. ಈಗ ಬಕೆಟು ನೋಡುವಾಗ ಅವರ ಮಾತು ನೆನಪಾಗುತ್ತದೆ.

ಅಭಿವೃದ್ಧಿ ಎಂದರೆ ಯಾವುದು?

ತದಡಿಯಲ್ಲಿ ಕಲ್ಲಿದ್ದಲು ಸುಟ್ಟು 4000 ಮೆಗಾವಾಟ್ ವಿದ್ಯುತ್ ಮಾಡುವ ಯೋಜನೆ ಒಂದು ಸಲ ಬಂದಿತ್ತು. ಮೀನುಗಾರರು, ರೈತರು ವಿರೋಧ ಮಾಡಿದರು. ಅದು ಆಗಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸರ್ ತಾಣ ಎಂದು ಘೋಷಿಸಿದರು. ರಾಮ್ಸರ್ ಎಂಬುದು ಇರಾನ್ ದೇಶದ ಒಂದು ಊರು. 1971ರಲ್ಲಿ ಅಲ್ಲಿ ಹಲವು ದೇಶದವರು ಸೇರಿ ಕೆರೆ, ಅಳಿವೆ, ಜೌಗು ನೆಲಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡರು. ಅದರ ಪಟ್ಟಿಯಲ್ಲಿ ಈಗ ಅಘನಾಶಿನಿಯ 4801 ಹೆಕ್ಟೇರ್ ಸೇರಿದೆ. ನಮ್ಮ ರಾಜ್ಯದ ರಂಗನತಿಟ್ಟು 2022ರಲ್ಲೇ ಸೇರಿತ್ತು.

ಇದೆಲ್ಲ ದೊಡ್ಡ ವಿಷಯ. ಆದರೆ ಸರ್ ಅವರ ಅಮ್ಮನಿಗೆ ಬೇಕಾದದ್ದು ಎರಡೇ. ಒಡ್ಡು ಒಡೆದ ಜಾಗ ಕಟ್ಟಬೇಕು. ಬಾಗಿಲನ್ನು ಸರಿಯಾದ ಹೊತ್ತಿಗೆ ಮುಚ್ಚಬೇಕು. ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ. ಗಜನಿಯಲ್ಲಿ ಹತ್ತಾರು ಮನೆಯವರ ಗದ್ದೆ ಇದ್ದರೂ ಒಡ್ಡು ಒಂದೇ. ನನ್ನ ಗದ್ದೆಗೆ ಮಾತ್ರ ಸಿಹಿ ನೀರು, ಪಕ್ಕದವರ ಗದ್ದೆಗೆ ಉಪ್ಪು ನೀರು ಅಂತ ಮಾಡಲು ಬರುವುದಿಲ್ಲ. ಎಲ್ಲರೂ ಭತ್ತ ಅಂದರೆ ಭತ್ತ. ಒಬ್ಬರು ಬೇಡ ಅಂದರೆ ಎಲ್ಲರಿಗೂ ಇಲ್ಲ. ಅದೇ ತಾಲ್ಲೂಕಿನ ಮಾಣಿಕಟ್ಟದಲ್ಲಿ ರೈತರು ಹೀಗೆ ಒಟ್ಟಾಗಿಯೇ ಕಗ್ಗ ಬೆಳೆದು ಬೀಜ ಉಳಿಸಿಕೊಂಡಿದ್ದಾರೆ. ನಮಗೆ ಹತ್ತಿರದ ಕಣ್ಣೂರು ಜಿಲ್ಲೆಯಲ್ಲೂ ಇಂಥ ಬೇಸಾಯ ಉಂಟು. ಅದಕ್ಕೆ ಕೈಪಾಡ್ ಎಂದು ಹೆಸರು. ಎರ್ನಾಕುಲಂ ಕಡೆ ಪೊಕ್ಕಾಳಿ ಅಂತಾರೆ. ಮಾಕುಟ್ಟದ ಘಾಟಿ ಇಳಿದು ಹೋದರೆ ಉಪ್ಪು ನೀರಿನ ಭತ್ತ ಸಿಗುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ!

ನಮ್ಮ ಗದ್ದೆ

ಈಗ ನಮ್ಮ ಮನೆಯ ವಿಷಯ ಸ್ವಲ್ಪ ಹೇಳ್ತೇನೆ. ನಮ್ಮ ಗದ್ದೆ ಮೂರು ವರ್ಷ ಪಾಳು ಬಿದ್ದಿತ್ತು. ಆಳು ಸಿಗುವುದಿಲ್ಲ, ಕೂಲಿ ಕೊಟ್ಟು ಬೆಳೆದರೆ ಭತ್ತದಲ್ಲಿ ಏನೂ ಉಳಿಯುವುದಿಲ್ಲ, ಉಳಿದದ್ದನ್ನು ಆನೆ ಬಂದು ತಿಂದು ತುಳಿದು ಹೋಗುತ್ತದೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬಹುದು. ಕಳೆದ ಹುತ್ತರಿಗೆ ಕದಿರು ತೆಗೆಯಲು ನಮ್ಮ ಗದ್ದೆಯಲ್ಲಿ ಕದಿರೇ ಇರಲಿಲ್ಲ. ಬೇರೆಯವರ ಗದ್ದೆಗೆ ಹೋಗಿ ಕೇಳಿ ತಂದೆವು. ಕೊಟ್ಟವರು ಸಂತೋಷದಿಂದಲೇ ಕೊಟ್ಟರು. ಆದರೆ ಅಜ್ಜ ಅವತ್ತು ಗದ್ದೆಗೆ ಬರಲಿಲ್ಲ. ಮಂಡಿ ನೋವು ಅಂದ್ರು. ಮರುದಿನ ಬೆಳಿಗ್ಗೆ ತೋಟಕ್ಕೆ ನಡೆದುಕೊಂಡೇ ಹೋದರು.

ಈ ವರ್ಷ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಡುವುದು ಅಂತ ಅಪ್ಪ ಮಾತಾಡುತ್ತಿದ್ದರು. ಆಗ ನಾನು ಗಜನಿಯ ಕಥೆ ಹೇಳಿದೆ. ಅಪ್ಪ "ಅದು ಸಮುದ್ರದ ಊರು, ಇದು ಕೊಡಗು" ಅಂದ್ರು. ಅಜ್ಜ ಮಾತ್ರ "ಎರಡೂ ಒಂದೇ" ಅಂದ್ರು. ಹೇಗೆ ಅಂತ ಕೇಳಿದ್ದಕ್ಕೆ ವಿವರಿಸಿದರು. ನಮ್ಮ ಗದ್ದೆಗಳು ಮೆಟ್ಟಿಲಿನ ಹಾಗೆ ಇವೆ. ಮೇಲಿನವರ ಗದ್ದೆಯಿಂದ ನಮಗೆ ನೀರು, ನಮ್ಮ ಗದ್ದೆಯಿಂದ ಕೆಳಗಿನ ದೊಡ್ಡಪ್ಪನಿಗೆ ನೀರು. ನಾವು ಪಾಳು ಬಿಟ್ಟರೆ ಏರಿ ಒಡೆದು ನೀರು ದಾರಿ ತಪ್ಪುತ್ತದೆ, ದೊಡ್ಡಪ್ಪನ ಗದ್ದೆಯೂ ಒಣಗುತ್ತದೆ. ಎಲ್ಲರೂ ಬಿಟ್ಟು ಒಬ್ಬರೇ ಬೆಳೆದರೆ ಆನೆಗೂ ಹೋಗಲು ಅದೊಂದೇ ಗದ್ದೆ. ಎಲ್ಲರೂ ಬೆಳೆದರೆ ರಾತ್ರಿ ಕಾಯಲಿಕ್ಕೆ ಜನ ಇರ್ತಾರೆ. ಮತ್ತೆ ಗದ್ದೆಯಲ್ಲಿ ನಿಂತ ನೀರು ನೆಲಕ್ಕೆ ಇಂಗಿ ನಮ್ಮ ಬಾವಿಗೇ ಬರುತ್ತದೆ. ಅಲ್ಲಿ ಗದ್ದೆಯಿಂದ ಬಾವಿಗೆ ಉಪ್ಪು ಬರುವ ಹಾಗೆ ಇಲ್ಲಿ ಗದ್ದೆಯಿಂದ ಬಾವಿಗೆ ಸಿಹಿ ನೀರು.

ಸರ್ ಅವರ ಊರಿನ ಒಡ್ಡು, ನಮ್ಮ ಗದ್ದೆಯ ಏರಿ ಎರಡೂ ಒಬ್ಬರ ಸ್ವತ್ತಲ್ಲ ಅಂತ ನನಗೆ ಆಗ ಅರ್ಥವಾಯಿತು. ಗದ್ದೆ ನಮ್ಮ ಹೆಸರಿನಲ್ಲಿ ಇರಬಹುದು. ನೀರು ಯಾರ ಹೆಸರಿನಲ್ಲೂ ಇಲ್ಲ.

ಅಪ್ಪ ಪೂರ್ತಿ ಒಪ್ಪಲಿಲ್ಲ. ಅವರದ್ದೂ ತಪ್ಪಲ್ಲ. ಅಕ್ಕನ ಕಾಲೇಜಿನ ಫೀಸಿಗೆ ಭತ್ತದ ದುಡ್ಡು ಸಾಕಾಗುವುದಿಲ್ಲ. ಕೊನೆಗೆ ಮೂರು ಮಡಿಯಲ್ಲಿ ಮಾತ್ರ ನಾಟಿ ಮಾಡುವ ಅಂದ್ರು. ದೊಡ್ಡಪ್ಪನ ಮನೆಯವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ ಮುಯ್ಯಾಳು ಮಾಡಿ ಹೋದ ವಾರ ನಾಟಿ ಮುಗಿಸಿದೆವು. ನಾನೂ ಎರಡು ಸಾಲು ನೆಟ್ಟೆ. ಸೊಟ್ಟ ಆಯಿತು ಅಂತ ದೊಡ್ಡಮ್ಮ ನಕ್ಕರು. ಅಜ್ಜ ಏರಿಯ ಮೇಲೆ ಕೊಡೆ ಹಿಡಿದು ಸಂಜೆಯವರೆಗೆ ನಿಂತಿದ್ದರು. ಮಂಡಿ ನೋವು ಅಂತ ಹೇಳಲಿಲ್ಲ.

ಹುತ್ತರಿಗೆ ಇನ್ನೂ ನಾಲ್ಕು ತಿಂಗಳು ಉಂಟು. ಆನೆ ಬರದಿದ್ದರೆ ಈ ಸಲ ಕದಿರು ನಮ್ಮ ಗದ್ದೆಯದೇ.

ಸರ್ ಅವರ ಊರಿನಲ್ಲಿಯೂ ಈಗ ಬಿತ್ತನೆ ಆಗಿರುತ್ತದೆ. ಒಡ್ಡು ಕಟ್ಟಿದರೋ ಇಲ್ಲವೋ ಅಂತ ಸರ್ ಊರಿಗೆ ಹೋಗಿ ಬಂದ ಮೇಲೆ ಕೇಳಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಲೇಖನ ಉದ್ದ ಆಯಿತು.  ತಪ್ಪಿದ್ದರೆ ತಿದ್ದಿ, ಆದರೆ ದಯವಿಟ್ಟು ಗೋಡೆ ಪತ್ರಿಕೆಯ ಮೇಲೆ ಪೆನ್ನಿನಿಂದ ಗೀಚಬೇಡಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ
ವಿರಾಜಪೇಟೆ ತಾಲ್ಲೂಕು, ಕೊಡಗು